ಉಲ್ಕಾಶಿಲೆಯಲ್ಲಿ ಸಾವಯವ ಅಣು ಹುಡುಕುವುದು ಹೇಗೆ: ಖಾಲಿ ಕೊಳವೆಯಿಂದ ಶುರು ಮಾಡಿ

ನನ್ನ ಮೇಜಿನ ಮೇಲೆ ಎರಡು ಗಾಜಿನ ಕೊಳವೆಗಳಿವೆ. ಒಂದರ ತಳದಲ್ಲಿ ಕಾಲು ಗ್ರಾಂನಷ್ಟು ಕಪ್ಪು ಪುಡಿ. ಇನ್ನೊಂದು ಖಾಲಿ. ಎರಡಕ್ಕೂ ಒಂದೇ ಬಾಟಲಿಯ ನೀರು ಹಾಕುತ್ತೇನೆ. ಎರಡನ್ನೂ ಒಂದೇ ಓವನ್‌ನಲ್ಲಿ ಇಡುತ್ತೇನೆ. ಆಮ್ಲ, ಕಾಲಂ (ಅಣುಗಳನ್ನು ಬೇರ್ಪಡಿಸುವ ನಳಿಕೆ), ಯಂತ್ರ, ಎಲ್ಲ ಎರಡಕ್ಕೂ ಒಂದೇ. ಈ ಕೆಲಸ ಕಲಿಯೋಕೆ ಬಂದವರು ಕಪ್ಪು ಪುಡಿ ಇರುವ ಕೊಳವೆಯನ್ನೇ ನೋಡುತ್ತಾರೆ, ಅದು ಸಹಜ. ನಾನು ಮೊದಲ ವಾರ ಅವರ ಕೈಗೆ ಖಾಲಿ ಕೊಳವೆ ಕೊಡುತ್ತೇನೆ. ಕಲ್ಲಿನೊಳಗೆ ಏನಿದೆ ಅಂತ ಹೇಳಬೇಕಾದರೆ, ನಮ್ಮಿಂದ ಏನು ಸೇರಿಕೊಂಡಿತು ಅನ್ನೋದು ಮೊದಲು ಗೊತ್ತಿರಬೇಕು.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಸಾವಯವ ಅಣು ಅಂದರೆ ಜೀವ ಇತ್ತು ಅಂತ ಅರ್ಥ ಅಲ್ಲ. ಇಂಗಾಲದ ಬೆನ್ನೆಲುಬು ಇರುವ ಅಣು, ಅಷ್ಟೆ. ಜೀವ ಇಲ್ಲದ ಕಡೆಯೂ ರಸಾಯನಶಾಸ್ತ್ರ ತನ್ನ ಪಾಡಿಗೆ ಇವನ್ನು ಕಟ್ಟುತ್ತದೆ. ಹೇಗೆ ಕಟ್ಟಿತು ಅನ್ನುವ ದಾಖಲೆ ಈ ಕಲ್ಲುಗಳಲ್ಲಿದೆ, 450 ಕೋಟಿ ವರ್ಷ ಹಳೆಯ ದಾಖಲೆ. ನನಗೆ ಈ ಕೆಲಸದ ಮೇಲೆ ಇಷ್ಟೊಂದು ಪ್ರೀತಿ ಇರುವುದು ಅದಕ್ಕೇ.

ಯಾವ ಕಲ್ಲು ಆರಿಸಬೇಕು

ಎಲ್ಲ ಉಲ್ಕಾಶಿಲೆಯಲ್ಲೂ ಹುಡುಕಿ ಪ್ರಯೋಜನ ಇಲ್ಲ. ಕಬ್ಬಿಣದ ಉಲ್ಕೆಗಳು ಒಂದು ಕಾಲದಲ್ಲಿ ಕರಗಿ ಗಟ್ಟಿಯಾದವು. ಅಂಥ ಬಿಸಿಗೆ ಸೂಕ್ಷ್ಮ ಅಣುಗಳು ಉಳಿಯುವುದಿಲ್ಲ. ನಮಗೆ ಬೇಕಾದದ್ದು ಕಾರ್ಬನೇಷಿಯಸ್ ಕಾಂಡ್ರೈಟ್ ಎನ್ನುವ, ಇಂಗಾಲ ಇರುವ ಕಲ್ಲುಗಳ ಗುಂಪು. ಬೀಳುವಾಗ ಜನ ಕಂಡು ಹೆಕ್ಕಿದ ಉಲ್ಕಾಶಿಲೆಗಳಲ್ಲಿ ಇವು ನೂರಕ್ಕೆ ನಾಲ್ಕೈದು ಇರಬಹುದು. ಅದರಲ್ಲೂ ಸಿಐ, ಸಿಎಂ, ಸಿಆರ್ ಎಂಬ ಪಂಗಡಗಳು ನಮಗೆ ಮುಖ್ಯ.

1969ರ ಸೆಪ್ಟೆಂಬರ್ 28ರಂದು ಆಸ್ಟ್ರೇಲಿಯಾದ ಮರ್ಚಿಸನ್ ಊರಿನ ಮೇಲೆ ಬಿದ್ದ ಕಲ್ಲು ಸಿಎಂ ಪಂಗಡದ್ದು. ನೂರು ಕಿಲೋಗೂ ಜಾಸ್ತಿ ಸಿಕ್ಕಿತು. ಅದರ ತೂಕದಲ್ಲಿ ಸುಮಾರು ನೂರಕ್ಕೆ ಎರಡು ಪಾಲು ಇಂಗಾಲ. ಅದರಲ್ಲಿ 90ಕ್ಕೂ ಹೆಚ್ಚು ಬಗೆಯ ಅಮೈನೋ ಆಮ್ಲ ಇದುವರೆಗೆ ಗುರುತಿಸಿದ್ದಾರೆ. ನಮ್ಮ ದೇಹದ ಪ್ರೋಟೀನ್ ಕಟ್ಟಲು ಬಳಕೆಯಾಗುವುದು 20 ಮಾತ್ರ ಅನ್ನೋದು ನೆನಪಿರಲಿ.

ಪಂಗಡದ ಹೆಸರೊಂದನ್ನೇ ನಂಬಿಕೊಂಡು ಕೂರಬೇಡಿ. ಅಂಟಾರ್ಕ್ಟಿಕಾದಲ್ಲಿ ಸಿಕ್ಕ ಮೂರು ಸಿಆರ್ ಕಲ್ಲುಗಳ ಕತೆ ಕೇಳಿ. ಇಇಟಿ 92042 ಎಂಬುದರಲ್ಲಿ ಅಮೈನೋ ಆಮ್ಲ 180 ಪಿಪಿಎಂ, ಅಂದರೆ ಒಂದು ಗ್ರಾಂ ಕಲ್ಲಿಗೆ 180 ಮೈಕ್ರೋಗ್ರಾಂ. ಜಿಆರ್‌ಎ 95229ರಲ್ಲಿ 249. ಅದೇ ಪಂಗಡದ ಜಿಆರ್‌ಒ 95577ರಲ್ಲಿ ಒಂದು ಪಿಪಿಎಂ ಆಸುಪಾಸು. ಮೂರನೆಯದು ತನ್ನ ತಾಯಿ ಕ್ಷುದ್ರಗ್ರಹದಲ್ಲೇ ನೀರಿನಲ್ಲಿ ತುಂಬಾ ಕಾಲ ನೆಂದಿತ್ತು. ಸ್ವಲ್ಪ ನೀರು ಇದ್ದರೆ ಅಣುಗಳು ಹುಟ್ಟುತ್ತವೆ, ಜಾಸ್ತಿಯಾದರೆ ಹಾಳಾಗುತ್ತವೆ. ಹಾಗಾಗಿ ಖನಿಜ ನೋಡುವವರ ವರದಿಯನ್ನು ಮೊದಲು ಓದಿ. ಕಲ್ಲು ಎಷ್ಟು ನೆಂದಿದೆ, ಎಷ್ಟು ಬೆಂದಿದೆ ಅನ್ನೋದು ಅದರಲ್ಲೇ ಇರುತ್ತದೆ.

ಕಲ್ಲು ಬಂದ ದಾರಿ ಬರೆದುಕೊಳ್ಳಿ

ಗಾಳಿಯಲ್ಲಿ ಉರಿದು ಬರುವಾಗ ಕಲ್ಲಿನ ಮೇಲೆ ಕಪ್ಪು ಹೊರಪದರ ಬರುತ್ತದೆ. ಅದು ಸುಮಾರು ಒಂದು ಮಿಲಿಮೀಟರ್ ದಪ್ಪ. ಉರಿ ಇರುವುದು ಕೆಲವೇ ಸೆಕೆಂಡು, ಬಿಸಿಗೆ ಒಳಗೆ ಇಳಿಯಲು ಸಮಯ ಸಿಗುವುದಿಲ್ಲ. ಒಳಗಿನ ಭಾಗ ತಣ್ಣಗೇ ಉಳಿಯುತ್ತದೆ. ನಮ್ಮ ಪುಡಿ ಆ ಒಳಭಾಗದಿಂದ ಬರಬೇಕು.

ತೊಂದರೆ ಶುರುವಾಗುವುದು ನೆಲಕ್ಕೆ ಬಿದ್ದ ಮೇಲೆ. ಈ ಕಲ್ಲುಗಳಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ, ಮಳೆ ನೀರನ್ನು ಹೀರಿಕೊಳ್ಳುತ್ತವೆ. ನೀರಿನ ಜೊತೆ ಮಣ್ಣಿನ ಅಮೈನೋ ಆಮ್ಲವೂ ಒಳಗೆ ಹೋಗುತ್ತದೆ. 2000ದ ಜನವರಿ 18ರಂದು ಕೆನಡಾದ ಟ್ಯಾಗಿಶ್ ಲೇಕ್‌ನಲ್ಲಿ ಬಿದ್ದ ತುಂಡುಗಳು ಹೆಪ್ಪುಗಟ್ಟಿದ ಕೆರೆಯ ಮೇಲೆ ಸಿಕ್ಕಿದವು. ಹೆಕ್ಕಿದವರು ಬರಿಗೈ ತಾಗಿಸಲಿಲ್ಲ, ಮಂಜಿನ ತಣ್ಣಗಿನಲ್ಲೇ ಉಳಿಸಿಕೊಟ್ಟರು. ಆ ಒಬ್ಬರ ಎಚ್ಚರಿಕೆ ಎಷ್ಟೋ ಪ್ರಯೋಗಾಲಯಗಳಿಗೆ ಉಪಕಾರವಾಗಿದೆ.

ನಿಮ್ಮ ಕೈಗೆ ಹೊಸದಾಗಿ ಬಿದ್ದ ತುಂಡು ಸಿಕ್ಕರೆ ತೊಳೆಯಬೇಡಿ. ಉಜ್ಜಬೇಡಿ. ಬೆರಳು ತಾಗಿಸಬೇಡಿ. ಬೆರಳಿನ ಬೆವರಲ್ಲಿ ಸೆರಿನ್ ಎಂಬ ಅಮೈನೋ ಆಮ್ಲ ಧಾರಾಳವಾಗಿರುತ್ತದೆ, ಒಂದು ಬೆರಳಚ್ಚು ಸಾಕು ಫಲಿತಾಂಶ ಕೆಡಿಸೋಕೆ. ಶುದ್ಧವಾದ ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿ, ಗಾಜಿನ ಡಬ್ಬಿಯಲ್ಲಿಟ್ಟು, ತಣ್ಣಗೆ ಇಡಿ. ಯಾರು ಎತ್ತಿಕೊಂಡರು, ಯಾವಾಗ, ಯಾವುದರಲ್ಲಿ ಸುತ್ತಿದರು, ಮಧ್ಯೆ ಮಳೆ ಬಂತಾ, ಎಲ್ಲ ಬರೆದಿಡಿ. ಈ ಚೀಟಿಗೆ ಕಲ್ಲಿನಷ್ಟೇ ಬೆಲೆ ಇದೆ. ನಾನಿದನ್ನು ಕಲಿತದ್ದು ಹೇಗೆ ಅಂತ ಮುಂದೆ ಹೇಳುತ್ತೇನೆ.

ಖಾಲಿ ಕೊಳವೆ

ಗಾಜಿನ ಸಾಮಾನು, ಫಾಯಿಲ್, ಕುಟ್ಟಾಣಿ, ಯಾವುದು ಬಿಸಿ ತಡೆಯುತ್ತದೋ ಅದನ್ನೆಲ್ಲ ಫರ್ನೇಸ್‌ನಲ್ಲಿ 500 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಸುಡಬೇಕು. ಫಾಯಿಲ್ ಸುಟ್ಟ ಮೇಲೆ ಸ್ವಲ್ಪ ಮೆದುವಾಗುತ್ತದೆ, ಹರಿಯದ ಹಾಗೆ ಹಿಡಿಯಿರಿ. ನೀರು ಅತಿ ಶುದ್ಧ ದರ್ಜೆಯದ್ದು. ಆಮ್ಲ ಎರಡು ಸಲ ಬಟ್ಟಿ ಇಳಿಸಿದ್ದು.

ಖಾಲಿ ಕೊಳವೆಗೆ ಲ್ಯಾಬ್‌ನಲ್ಲಿ ಬ್ಲಾಂಕ್ ಅನ್ನುತ್ತೇವೆ. ಅದು ಪೂರ್ತಿ ಖಾಲಿ ಇರುವುದಕ್ಕಿಂತ, ಸುಟ್ಟ ಸ್ಫಟಿಕದ ಮರಳು ಅಥವಾ ಸರ್ಪೆಂಟೈನ್ ಖನಿಜದ ಪುಡಿ ಹಾಕಿದರೆ ಇನ್ನೂ ಒಳ್ಳೆಯದು. ಸರ್ಪೆಂಟೈನ್ ನೀರಲ್ಲಿ ನೆಂದ ಉಲ್ಕಾಶಿಲೆಯ ಖನಿಜಗಳಿಗೆ ಹತ್ತಿರದ್ದು. 500 ಡಿಗ್ರಿಯಲ್ಲಿ ಸುಟ್ಟರೆ ಅದರಲ್ಲಿರುವ ಸಾವಯವ ಎಲ್ಲ ಹೋಗುತ್ತದೆ. ಆಮೇಲೆ ಅದನ್ನೂ ಕುಟ್ಟಿ, ಬೇಯಿಸಿ, ಸೋಸಿ, ಕಲ್ಲಿಗೆ ಏನೆಲ್ಲ ಮಾಡುತ್ತೀರೋ ಅದನ್ನೆಲ್ಲ ಇದಕ್ಕೂ ಮಾಡಿ.

ಈಗ ಆ ಕತೆ. ನಾನು ಈ ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಸಿಎಂ ತುಂಡು ನನ್ನ ಪಾಲಿಗೆ ಬಂತು. ಎಲ್ಲ ಸರಿಯಾಗಿ ಮಾಡಿದ್ದೆ. ಬ್ಲಾಂಕ್ ಸ್ವಚ್ಛವಾಗಿತ್ತು. ಕಲ್ಲಿನ ಸಾರವನ್ನು ಯಂತ್ರಕ್ಕೆ ಹಾಕಿದೆ. ಗ್ಲೈಸಿನ್ ಬಂತು, ಅಲನಿನ್ ಬಂತು, ಎರಡೂ ಸಣ್ಣ ಅಮೈನೋ ಆಮ್ಲಗಳು. ಕೊನೆ ಕೊನೆಗೆ, ಯಾರೂ ಬರದ ಜಾಗದಲ್ಲಿ, ಒಂದು ಪೀಕ್, ಅಂದರೆ ಯಂತ್ರ ಬರೆಯುವ ಗೆರೆಯಲ್ಲಿ ಒಂದು ಶಿಖರ, ಎದ್ದು ನಿಂತಿತು. ಗ್ಲೈಸಿನ್‌ಗಿಂತ ಎತ್ತರ. ತೂಕ ನೋಡಿದರೆ ಆರು ಇಂಗಾಲದ ಅಮೈನೋ ಆಮ್ಲ. ನನ್ನ ಸ್ಟ್ಯಾಂಡರ್ಡ್, ಅಂದರೆ ಹೋಲಿಕೆಗೆ ಇಟ್ಟ ಶುದ್ಧ ಅಣುಗಳ, ಪಟ್ಟಿಯಲ್ಲಿದ್ದ ಯಾವ ಆರು ಇಂಗಾಲದ್ದಕ್ಕೂ ಅದು ಕಾಲಂನಿಂದ ಹೊರಬಂದ ಸಮಯ ಹೊಂದಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಇದುವರೆಗೆ ಯಾರೂ ಕಾಣದ್ದನ್ನು ನಾನು ಕಾಣುತ್ತಿದ್ದೇನೆ ಅಂತ ಎದೆ ಹೊಡೆದುಕೊಳ್ಳುತ್ತಿತ್ತು.

ಬೆಳಗ್ಗೆ ನಮ್ಮ ಮೇಡಂ ಪೀಕ್ ನೋಡಿದರು. "ಕಲ್ಲು ಯಾವುದರಲ್ಲಿ ಬಂತಮ್ಮ?" ಅಂತ ಒಂದೇ ಪ್ರಶ್ನೆ ಕೇಳಿದರು. ಒಂದು ಪುಟ್ಟ ಪಾರದರ್ಶಕ ಚೀಲದಲ್ಲಿ ಬಂದಿತ್ತು. ಚೀಲ ಇನ್ನೂ ಡ್ರಾಯರ್‌ನಲ್ಲಿತ್ತು. ಉಗುರಿನಷ್ಟು ಚೂರು ಕತ್ತರಿಸಿ, ಆಮ್ಲದಲ್ಲಿ ಬೇಯಿಸಿ, ಯಂತ್ರಕ್ಕೆ ಹಾಕಿದೆವು. ಅದೇ ಪೀಕ್, ಅದೇ ಸಮಯ. ನೈಲಾನ್-6. ಆಮ್ಲದಲ್ಲಿ ಬೆಂದರೆ ನೈಲಾನ್ ಒಡೆದು 6-ಅಮೈನೋ ಹೆಕ್ಸನೋಯಿಕ್ ಆಮ್ಲ ಆಗುತ್ತದೆ. ಆರು ಇಂಗಾಲದ ಸರಪಳಿಯ ಒಂದು ತುದಿಗೆ ಆಮ್ಲ, ಇನ್ನೊಂದು ತುದಿಗೆ ಅಮೈನೋ.

ಇಲ್ಲಿ ನೀವು ಗಮನಿಸಬೇಕಾದದ್ದು ಬ್ಲಾಂಕ್‌ನ ವಿಷಯ. ನನ್ನ ಬ್ಲಾಂಕ್ ಸ್ವಚ್ಛವಾಗಿತ್ತು, ಯಾಕೆಂದರೆ ಅದು ಆ ಚೀಲದೊಳಗೆ ಹೋಗಿರಲೇ ಇಲ್ಲ. ಬ್ಲಾಂಕ್ ಹುಟ್ಟಿದ್ದು ಲ್ಯಾಬ್‌ನ ಬಾಗಿಲ ಒಳಗೆ, ಕಲ್ಲಿನ ಪ್ರಯಾಣ ಶುರುವಾದದ್ದು ಎಷ್ಟೋ ಮೊದಲು. ಈಗ ಕಲ್ಲು ಮುಟ್ಟಿದ ಪ್ರತಿಯೊಂದು ವಸ್ತುವಿನ ಒಂದು ಚೂರು ಕೇಳಿ ತರಿಸಿಕೊಳ್ಳುತ್ತೇನೆ: ಚೀಲ, ಗ್ಲೌಸ್, ಬಿದ್ದ ಜಾಗದ ಒಂದು ಚಮಚ ಮಣ್ಣು. ಅವಕ್ಕೂ ಒಂದೊಂದು ಕೊಳವೆ.

ಇದೇ ನೈಲಾನ್ ಅಣು ದೊಡ್ಡ ದೊಡ್ಡ ಕೆಲಸಗಳಲ್ಲೂ ಕಾಣಿಸಿಕೊಂಡಿದೆ. ಸ್ಟಾರ್‌ಡಸ್ಟ್ ನೌಕೆ 2006ರಲ್ಲಿ ವೈಲ್ಡ್-2 ಧೂಮಕೇತುವಿನ ಧೂಳನ್ನು ತಂದಾಗ ಅದರ ಜೊತೆಗೂ ಇದು ಬಂದಿತ್ತು. ಆಗ ಹೇಗೆ ಬಿಡಿಸಿದರು ಅನ್ನೋದು ಕೆಳಗೆ ಬರುತ್ತದೆ.

ಕುಟ್ಟುವುದು

ಇದಕ್ಕೆ ಒಂದು ಇಡೀ ಬೆಳಗ್ಗೆ ಬಿಡುವು ಮಾಡಿಕೊಳ್ಳಿ. ಶುದ್ಧ ಗಾಳಿ ಬೀಸುವ ಹುಡ್ ಒಳಗೆ, ಮಾಸ್ಕ್ ಹಾಕಿಕೊಂಡು, ಪೌಡರ್ ಇಲ್ಲದ ಗ್ಲೌಸ್ ತೊಟ್ಟು ಕೂರಬೇಕು. ಹೊರಪದರ ಇರುವ ತುಣುಕುಗಳನ್ನು ಚಿಮಟದಿಂದ ಬೇರೆ ಮಾಡಿ. ಒಳಗಿನ ತುಣುಕನ್ನು ಕುಟ್ಟಾಣಿಗೆ ಹಾಕಿ ಮೆಲ್ಲಗೆ ಒತ್ತಿ. ಸಿಎಂ ಕಲ್ಲು ಗಟ್ಟಿ ಇರುತ್ತದೆ ಅಂದುಕೊಳ್ಳಬೇಡಿ. ಒಣ ಮಣ್ಣಿನ ಹೆಂಟೆ ಹಾಗೆ ಪುಡಿಯಾಗುತ್ತದೆ. ಕಪ್ಪು ಪುಡಿಯ ಮಧ್ಯೆ ಬಿಳಿ ಚುಕ್ಕಿಗಳು, ಸಾಸಿವೆಗಿಂತ ಸಣ್ಣ ಗುಂಡುಗಳು ಕಾಣುತ್ತವೆ. ಆ ಗುಂಡುಗಳೇ ಕಾಂಡ್ರೂಲ್‌ಗಳು. ಅವಕ್ಕೆ ಮಾತ್ರ ಸ್ವಲ್ಪ ಜೋರು ಬೇಕು.

ಮೊದಲ ಸಲ ಒತ್ತಿದಾಗ ಒಂದು ವಾಸನೆ ಬರುತ್ತದೆ. ಮಾಸ್ಕ್ ಇದ್ದರೂ ತಿಳಿಯುತ್ತದೆ. ಡಾಂಬರಿನ ಹಾಗೆ, ಹಿಂದೆ ಒಂಚೂರು ಗಂಧಕ. ಮರ್ಚಿಸನ್ ಬಿದ್ದ ದಿನ ಸ್ಪಿರಿಟ್ ವಾಸನೆ ಬಂತು ಅಂತ ಅಲ್ಲಿನ ಜನ ಹೇಳಿದ್ದರು. ಆ ವಾಸನೆಯೇ ನಾವು ಹುಡುಕುತ್ತಿರುವ ವಸ್ತು, ಬೇಗ ಆವಿಯಾಗುವ ಸಣ್ಣ ಅಣುಗಳು. ಬಗ್ಗಿ ಮೂಸಬೇಕು ಅನ್ನಿಸುತ್ತದೆ. ಬಗ್ಗಬೇಡಿ, ನಿಮ್ಮ ಉಸಿರೂ ಕಲಬೆರಕೆಯೇ.

ಪುಡಿಯನ್ನು ಚೆನ್ನಾಗಿ ಕಲಸಿ, ಪಾಲು ಮಾಡಿ, ತೂಕ ಬರೆದುಕೊಳ್ಳಿ. ಒಂದೇ ಕಲ್ಲಿನ ಎರಡು ಮೂಲೆಯಲ್ಲಿ ಬೇರೆ ಬೇರೆ ಲೆಕ್ಕ ಬರುವುದುಂಟು, ಅದಕ್ಕೇ ಕಲಸುವುದು.

ಬಿಸಿ ನೀರು, ಆಮ್ಲ, ರಾಳ

ಅಮೈನೋ ಆಮ್ಲಕ್ಕೆ ನೀರೇ ಸಾಕು. ಪುಡಿಗೆ ಒಂದು ಮಿಲಿಲೀಟರ್ ನೀರು ಹಾಕಿ, ಗಾಜಿನ ಆಂಪೂಲ್‌ನ ಕತ್ತನ್ನು ಜ್ವಾಲೆಯಲ್ಲಿ ಕರಗಿಸಿ ಮುಚ್ಚಿ, 100 ಡಿಗ್ರಿಯಲ್ಲಿ 24 ಗಂಟೆ ಇಡಿ. ಮರುದಿನ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಮೇಲಿನ ನೀರನ್ನು ತೆಗೆದುಕೊಳ್ಳಿ. ಅದು ತೆಳು ಹಳದಿ ಬಣ್ಣಕ್ಕೆ ತಿರುಗಿದ್ದರೆ ಒಳ್ಳೆಯ ಲಕ್ಷಣ.

ಆ ನೀರನ್ನು ಎರಡು ಪಾಲು ಮಾಡಿ. ಒಂದು ಪಾಲನ್ನು ಹಾಗೇ ಇಟ್ಟುಕೊಳ್ಳಿ. ಇನ್ನೊಂದನ್ನು ಒಣಗಿಸಿ, 6 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ ಆವಿಯಲ್ಲಿ 150 ಡಿಗ್ರಿಗೆ ಮೂರು ಗಂಟೆ ಇಡಿ. ಬೇರೆ ಅಣುಗಳೊಳಗೆ ಕಟ್ಟಿಕೊಂಡಿರುವ ಅಮೈನೋ ಆಮ್ಲ ಆಗ ಬಿಡುಗಡೆಯಾಗುತ್ತದೆ. ಮರ್ಚಿಸನ್‌ನಂಥ ಕಲ್ಲಿನಲ್ಲಿ ಲೆಕ್ಕ ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತದೆ. ಎರಡೂ ಪಾಲನ್ನು ಅಳೆದರೆ ಬಿಡಿಯಾಗಿ ಎಷ್ಟಿತ್ತು, ಕಟ್ಟಿಕೊಂಡು ಎಷ್ಟಿತ್ತು ಅಂತ ತಿಳಿಯುತ್ತದೆ. ಮುಚ್ಚಿದ ಗಾಜಿನೊಳಗೆ ಬಿಸಿ ಆಮ್ಲ ಅಂದರೆ ಒತ್ತಡ ಇರುತ್ತದೆ. ಕಣ್ಣಿಗೆ ಕನ್ನಡಕ, ಮುಂದೆ ತಡೆಗಾಜು, ಜೊತೆಗೆ ಅನುಭವ ಇರುವವರು ಇಲ್ಲದೆ ಈ ಹಂತ ಮಾಡಬೇಡಿ.

ಕಲ್ಲಿನ ಸಾರದಲ್ಲಿ ಉಪ್ಪು ಬಹಳ. ಉಪ್ಪು ಇದ್ದರೆ ಯಂತ್ರ ಸರಿಯಾಗಿ ಓದುವುದಿಲ್ಲ. ಸಾರವನ್ನು ಅಯಾನ್ ವಿನಿಮಯ ರಾಳದ ಕಾಲಂ ಮೇಲೆ ಹಾಕಿ. ಅಮೈನೋ ಆಮ್ಲ ರಾಳಕ್ಕೆ ಅಂಟಿಕೊಳ್ಳುತ್ತದೆ. ನೀರಲ್ಲಿ ತೊಳೆದು, ಆಮೇಲೆ ಅಮೋನಿಯಾ ದ್ರಾವಣ ಹಾಕಿದರೆ ಇಳಿದು ಬರುತ್ತದೆ.

ಎಡಗೈ, ಬಲಗೈ

ಅಮೈನೋ ಆಮ್ಲಕ್ಕೆ ಎಡ ಬಲ ಇದೆ, ನಮ್ಮ ಎರಡು ಕೈಗಳ ಹಾಗೆ. ಗ್ಲೈಸಿನ್‌ನಂಥ ಕೆಲವಕ್ಕೆ ಮಾತ್ರ ಇಲ್ಲ. ಎಡದ್ದಕ್ಕೆ ಎಲ್, ಬಲದ್ದಕ್ಕೆ ಡಿ. ಭೂಮಿಯ ಜೀವಿಗಳ ಪ್ರೋಟೀನ್‌ನಲ್ಲಿ ಇರುವುದೆಲ್ಲ ಎಲ್. ಜೀವ ಇಲ್ಲದೆ ಹುಟ್ಟಿದರೆ ಎರಡೂ ಸಮಸಮ ಬರುತ್ತವೆ. 1970ರಲ್ಲಿ ಮರ್ಚಿಸನ್‌ನ ಅಮೈನೋ ಆಮ್ಲ ಭೂಮಿಯ ಹೊರಗಿನದ್ದು ಅಂತ ತೋರಿಸಿಕೊಟ್ಟದ್ದರಲ್ಲಿ ಇದರ ಪಾತ್ರ ದೊಡ್ಡದು.

ಎಡ ಬಲ ಬೇರೆ ಮಾಡುವುದು ಹೇಗೆ? ನಿಮ್ಮ ಬಲಗೈಯಿಂದ ಇನ್ನೊಬ್ಬರ ಬಲಗೈ ಹಿಡಿದು ನೋಡಿ, ಆಮೇಲೆ ಎಡಗೈ ಹಿಡಿದು ನೋಡಿ. ಹಿಡಿತ ಬೇರೆ ಅಲ್ವಾ? ಹಾಗೇ, ಒಂದೇ ಕೈಯಿರುವ ಇನ್ನೊಂದು ಅಣುವನ್ನು ಅಂಟಿಸುತ್ತೇವೆ. ಓಪಿಎ ಮತ್ತು ಎನ್ಎಸಿ ಎಂಬ ಎರಡು ರಾಸಾಯನಿಕಗಳ ಜೋಡಿ ಅದು. ಅಂಟಿದ ಮೇಲೆ ಎಲ್ ಮತ್ತು ಡಿ ಕಾಲಂನಿಂದ ಬೇರೆ ಬೇರೆ ಸಮಯಕ್ಕೆ ಹೊರಬರುತ್ತವೆ. ಜೊತೆಗೆ ಬೆಳಕು ಬಿದ್ದರೆ ಹೊಳೆಯುತ್ತವೆ, ಹಾಗಾಗಿ ತೀರಾ ಕಮ್ಮಿ ಇದ್ದರೂ ಕಾಣುತ್ತವೆ. ಒಂದು ನಿಮಿಷ ಬಿಟ್ಟು ಒಂದು ಪಾಲು, 15 ನಿಮಿಷ ಬಿಟ್ಟು ಇನ್ನೊಂದು ಪಾಲು ಅಳೆಯಿರಿ. ಕೆಲವು ಅಣುಗಳಿಗೆ ಅಂಟಿಕೊಳ್ಳಲು ಸಮಯ ಬೇಕು. ಪ್ರೋಲಿನ್ ಈ ದಾರಿಯಲ್ಲಿ ಕಾಣುವುದೇ ಇಲ್ಲ, ಅದಕ್ಕೆ ಜಿಸಿ-ಎಂಎಸ್ ಯಂತ್ರ ಬೇಕು, ಅಣುಗಳನ್ನು ಆವಿಯಾಗಿ ಬೇರ್ಪಡಿಸಿ ತೂಗುವಂಥದ್ದು.

ಪೀಕ್ ಒಂದು ಸರಿಯಾದ ಸಮಯಕ್ಕೆ ಬಂತು ಅಂದರೆ ಸಾಲದು. ತೂಕವೂ ಹೊಂದಬೇಕು. ಅದೂ ಸಾಲದು, ಸ್ಟ್ಯಾಂಡರ್ಡ್ ಅನ್ನು ಅದೇ ಸಾರಕ್ಕೆ ಒಂದು ಹನಿ ಬೆರೆಸಿ ಮತ್ತೆ ಹಾಕಿ. ಪೀಕ್ ಸೀಳದೆ, ಪಕ್ಕದಲ್ಲಿ ಹೆಗಲು ಮೂಡದೆ, ಅಲ್ಲೇ ಎತ್ತರ ಆದರೆ ಆಗ ಹೆಸರು ಬರೆಯಿರಿ.

ಈಗ ಓದುವುದು. ಸೆರಿನ್ ಎಲ್ ಮಾತ್ರ ಜಾಸ್ತಿ ಇದ್ದರೆ ಯಾರದೋ ಬೆರಳು. ಅಲನಿನ್ ಎರಡೂ ಸಮ ಇದ್ದರೆ ಒಳ್ಳೆಯ ಸುಳಿವು, ಆದರೆ ಬ್ಯಾಕ್ಟೀರಿಯಾದ ಕೋಶಗೋಡೆಯಲ್ಲೂ ಡಿ-ಅಲನಿನ್ ಇರುತ್ತದೆ, ಮರೆಯಬೇಡಿ. ನಾನು ಮೊದಲು ಹುಡುಕುವುದು ಎಐಬಿ ಮತ್ತು ಐಸೋವಾಲಿನ್ ಎಂಬ ಎರಡು ಅಮೈನೋ ಆಮ್ಲ. ಪ್ರೋಟೀನ್‌ನಲ್ಲಿ ಇವೆರಡೂ ಇಲ್ಲ. ಕೆಲವು ಶಿಲೀಂಧ್ರಗಳಲ್ಲಿ ಇವೆ, ಅದಕ್ಕೇ ಮಣ್ಣಿನ ಕೊಳವೆಯನ್ನೂ ನೋಡಬೇಕು. ಇನ್ನೊಂದು ಗುರುತು ಇಡೀ ಕುಟುಂಬ ಕಾಣುವುದು. ಜೀವ ತನಗೆ ಬೇಕಾದ್ದನ್ನು ಮಾತ್ರ ಆರಿಸಿ ಕಟ್ಟುತ್ತದೆ. ಕಲ್ಲು ಆರಿಸುವುದಿಲ್ಲ. ಐದು ಇಂಗಾಲವನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದೋ ಅಷ್ಟೂ ಬಗೆ ಅಲ್ಲಿರುತ್ತದೆ. ಸರಪಳಿ ಉದ್ದವಾದ ಹಾಗೆ ಪ್ರಮಾಣ ಇಳಿಯುತ್ತಾ ಹೋಗುತ್ತದೆ. ಆ ಇಳಿಜಾರು ಕಂಡರೆ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ.

ಐಸೋವಾಲಿನ್ ಬಗ್ಗೆ ಒಂದು ಎಚ್ಚರಿಕೆ. ಮರ್ಚಿಸನ್‌ನಲ್ಲಿ ಅದರ ಎಲ್ ಪಾಲು ಡಿ ಪಾಲಿಗಿಂತ ಜಾಸ್ತಿ, ಆ ಹೆಚ್ಚಳ ನೂರಕ್ಕೆ 18ರವರೆಗೂ ಕಂಡಿದೆ. ಅದು ಕಲಬೆರಕೆ ಅಲ್ಲ. ಹಾಗಾಗಿ ಸಮ ಇಲ್ಲ ಅಂದ ತಕ್ಷಣ ಕಲ್ಲನ್ನು ತಳ್ಳಿಹಾಕಬೇಡಿ, ಸಮ ಇದೆ ಅಂದ ತಕ್ಷಣ ಒಪ್ಪಿಕೊಳ್ಳಲೂಬೇಡಿ. ಮುಂದಿನ ಹಂತ ಅದಕ್ಕೇ ಇರುವುದು.

ಭಾರದ ಇಂಗಾಲ

ಇಂಗಾಲದಲ್ಲಿ ಮುಖ್ಯವಾಗಿ 12 ಮತ್ತು 13 ಎಂಬ ಎರಡು ತೂಕದ ಪರಮಾಣುಗಳಿವೆ. ಜೀವಿಗಳು ಹಗುರದ್ದನ್ನು ಹೆಚ್ಚು ಬಳಸುತ್ತವೆ. ಭಾರದ ಇಂಗಾಲದ ಪಾಲನ್ನು ಎಲ್ಲರೂ ಬಳಸುವ ಒಂದು ಅಳತೆಗೋಲಿಗೆ ಹೋಲಿಸಿದರೆ ಭೂಮಿಯ ಜೀವಿಗಳ ಅಮೈನೋ ಆಮ್ಲದ ಲೆಕ್ಕ ಸಾಮಾನ್ಯವಾಗಿ ಸೊನ್ನೆಗಿಂತ ಕೆಳಗೆ. ಮರ್ಚಿಸನ್‌ನಲ್ಲಿ ಸೊನ್ನೆಗಿಂತ ಮೇಲೆ. ಸ್ಟಾರ್‌ಡಸ್ಟ್ ಧೂಳಿನ ಗೊಂದಲ ಬಿಡಿಸಿದ್ದು ಇದೇ. 2009ರಲ್ಲಿ ಅಳೆದಾಗ ನೈಲಾನ್ ಅಣುವಿಗೆ ಸಾವಿರಕ್ಕೆ ಮೈನಸ್ 25 ಬಂತು, ಗ್ಲೈಸಿನ್‌ಗೆ ಪ್ಲಸ್ 29. ಒಂದು ಕಾರ್ಖಾನೆಯದ್ದು, ಇನ್ನೊಂದು ಧೂಮಕೇತುವಿನದ್ದು. ಹೈಡ್ರೋಜನ್ ಇನ್ನೂ ಜೋರಾಗಿ ಹೇಳುತ್ತದೆ. ಮರ್ಚಿಸನ್‌ನ ಐಸೋವಾಲಿನ್‌ನಲ್ಲಿ ಭಾರದ ಹೈಡ್ರೋಜನ್, ಅಂದರೆ ಡ್ಯೂಟೀರಿಯಂ, ಸಮುದ್ರದ ನೀರಿನಲ್ಲಿರುವುದರ ನಾಲ್ಕು ಪಟ್ಟು ದಾಟಿದೆ. ನಕ್ಷತ್ರಗಳ ನಡುವಿನ ವಿಪರೀತ ತಣ್ಣನೆಯ ಮೋಡಗಳಲ್ಲಿ ಹೀಗೆ ಡ್ಯೂಟೀರಿಯಂ ಸೇರಿಕೊಳ್ಳುತ್ತದೆ.

ಈ ಅಳತೆಗೆ ಸ್ಯಾಂಪಲ್ ಜಾಸ್ತಿ ಬೇಕು. ಕೊನೆಗೆ ನೋಡೋಣ ಅಂತ ಇಡಬೇಡಿ, ಮೊದಲೇ ಒಂದು ಪಾಲು ಎತ್ತಿಡಿ.

ಬೇರೆ ಅಣುಗಳು

ಪಿಎಎಚ್ ಎನ್ನುವ ಉಂಗುರದ ಅಣುಗಳಿಗೆ ನೀರು ಆಗುವುದಿಲ್ಲ. ಡೈಕ್ಲೋರೋಮೀಥೇನ್‌ನಂಥ ದ್ರಾವಕದಲ್ಲಿ ತೆಗೆದು ಜಿಸಿ-ಎಂಎಸ್‌ಗೆ ಹಾಕಿ. ಅಲ್ಲಿ ತೂಕ 149 ಕಂಡರೆ ಪ್ಲಾಸ್ಟಿಕ್‌ನಿಂದ ಬಂದ ಥ್ಯಾಲೇಟ್, 207 ಮತ್ತು 281 ಕಂಡರೆ ಕಾಲಂ ಅಥವಾ ಮುಚ್ಚಳದ ಸಿಲಿಕೋನ್. ಉದ್ದ ಸರಪಳಿಯ ಆಲ್ಕೇನ್‌ಗಳು (ಇಂಗಾಲ, ಹೈಡ್ರೋಜನ್ ಮಾತ್ರ ಇರುವ ಅಣುಗಳು) ಸಾಲಾಗಿ ಕಂಡರೂ ಅನುಮಾನ ಇರಲಿ, ಬಹುಪಾಲು ಭೂಮಿಯದ್ದೇ. ಅಸಿಟಿಕ್ ಆಮ್ಲದಂಥ ಸಣ್ಣವು ಬೇಕಿದ್ದರೆ ಒಣಗಿಸುವ ಮುಂಚೆ ಸಾರವನ್ನು ಕ್ಷಾರೀಯ ಮಾಡಿ, ಇಲ್ಲದಿದ್ದರೆ ಆವಿಯಾಗಿ ಹೋಗುತ್ತವೆ.

ಕಲ್ಲಿನ ಸಾವಯವದಲ್ಲಿ ದೊಡ್ಡ ಪಾಲು ಯಾವ ದ್ರಾವಕಕ್ಕೂ ಕರಗದ ಕಪ್ಪು ವಸ್ತು. ಅದನ್ನು ಬೇರೆ ಮಾಡೋಕೆ ಹೈಡ್ರೋಫ್ಲೋರಿಕ್ ಆಮ್ಲ ಬೇಕು. ಅದು ಚರ್ಮ ದಾಟಿ ಮೂಳೆಯವರೆಗೂ ಹೋಗುತ್ತದೆ. ಅದಕ್ಕೆಂದೇ ತರಬೇತಿ ಆದವರಿಗೆ ಬಿಡಿ.

ಉಳಿದ ಕಲ್ಲು

ಇದ್ದದ್ದನ್ನೆಲ್ಲ ಕುಟ್ಟಿ ಮುಗಿಸಬೇಡಿ. 1969ರಲ್ಲಿ ಬಿದ್ದ ಮರ್ಚಿಸನ್‌ನಲ್ಲಿ ರೈಬೋಸ್ ಎಂಬ ಸಕ್ಕರೆ ಇದೆ ಅಂತ ವರದಿ ಬಂದದ್ದು 2019ರಲ್ಲಿ, ಐವತ್ತು ವರ್ಷ ಆದ ಮೇಲೆ. ಯಾರೋ ಒಂದು ತುಂಡು ಉಳಿಸಿದ್ದಕ್ಕೆ ಅದು ಆಯಿತು. 2023ರ ಸೆಪ್ಟೆಂಬರ್‌ನಲ್ಲಿ ಬೆನ್ನು ಕ್ಷುದ್ರಗ್ರಹದಿಂದ 121.6 ಗ್ರಾಂ ಬಂದಾಗಲೂ ಬಹುಪಾಲನ್ನು ಮುಂದಿನವರಿಗೆ ಅಂತ ಎತ್ತಿಟ್ಟಿದ್ದಾರೆ. ಅದನ್ನು ಸಾರಜನಕದೊಳಗೆ ಇಟ್ಟೇ ಕೆಲಸ ಮಾಡಿದರು. ಪ್ರೋಟೀನ್‌ನ 20ರಲ್ಲಿ 14 ಅಮೈನೋ ಆಮ್ಲ, ಡಿಎನ್ಎ ಆರ್‌ಎನ್ಎಗಳ ಐದೂ ಬೇಸ್ ಅದರಲ್ಲಿವೆ ಅಂತ 2025ರ ಜನವರಿಯಲ್ಲಿ ತಿಳಿಸಿದರು.

ನಾನು ಉಳಿದ ತುಂಡನ್ನು ಸುಟ್ಟ ಫಾಯಿಲ್‌ನಲ್ಲಿ ಸುತ್ತಿ ಗಾಜಿನ ಡಬ್ಬಿಗೆ ಹಾಕುತ್ತೇನೆ. ಪಕ್ಕದಲ್ಲಿ ಅದೇ ಫಾಯಿಲ್‌ನ ಇನ್ನೊಂದು ಪೊಟ್ಟಣ, ಒಳಗೆ ಒಂದು ಚಿಟಿಕೆ ಸುಟ್ಟ ಸ್ಫಟಿಕದ ಮರಳು. ಎರಡೂ ಒಂದೇ ಡಬ್ಬಿ, ಒಂದೇ ಫ್ರೀಜರ್. ಚೀಟಿಯಲ್ಲಿ ತಾರೀಖು, ಮುಟ್ಟಿದ ವಸ್ತುಗಳ ಪಟ್ಟಿ, ಮತ್ತು ಕೊನೆಯ ಸಾಲಿನಲ್ಲಿ ಹೀಗೆ ಬರೆಯುತ್ತೇನೆ: ಮರಳಿನ ಪೊಟ್ಟಣ ಬ್ಲಾಂಕ್, ಕಲ್ಲು ತೆರೆಯುವ ದಿನ ಇದನ್ನೂ ತೆರೆಯಿರಿ.